ಮೂವತ್ತೆಂಟನೆಯ ಗರಿ

ನಲವತ್ತೆರಡು ಗರಿ, ಎಲ್ಲ ಫೋನಿನಲ್ಲೇ ಬಂದವು,
ಒಂದರ ಮೂಲೆಯಲ್ಲಿ ಜನಾರ್ದನ ಸಭಾಹಿತರ ಹೆಬ್ಬೆರಳೂ ಸೇರಿ.
ಕುಮಟೆಯ ಬಸ್ ಸ್ಟ್ಯಾಂಡಿನ ಎದುರು ನನ್ನ ಅಂಗಡಿ:
ಝೆರಾಕ್ಸು, ಲ್ಯಾಮಿನೇಶನ್ನು, ಮದುವೆ ಕಾಗದ,
ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಿದೆಯೆಂದು ತಹಶೀಲ್ದಾರರಿಗೆ ಅರ್ಜಿ.
ಬರೆಯುವವಳು ನಾನು, ಹೆಬ್ಬೆಟ್ಟು ಅವರದು.
'ಈ ಕೆಳಗೆ ಸಹಿ ಮಾಡಿದ ನಾನು' ಎಂದು
ದಿನಕ್ಕೆ ಹತ್ತು ಸಲ ಬೇರೆ ಯಾರೋ ಆಗುತ್ತೇನೆ.

ಇದು ಸಾಣಿಕಟ್ಟಾದ ಉಪ್ಪಿನಾಗರದ ಬದಿ
ಕಟ್ಟಿನ ಮೇಲೆ ಕೂತ ದೇವಿಯ ಮಹಾತ್ಮೆ.
ಹೇಳಿದವನು ಕೃತಯುಗದ ಋಷಿಯಂತೆ.
ಹೇಳಿದ್ದು ಕನ್ನಡದಲ್ಲಿ, ಅದೂ ಭಾಮಿನಿಯಲ್ಲಿ.
'ಋಷಿಗೆ ಯಾವ ಭಾಷೆ ಬರೂದಿಲ್ಲ ಹೇಳು' ಅಂದರು ಸಭಾಹಿತರು.
ನಾನು ಚಹಾ ತರಿಸಿದೆ.

ಏಳನೆಯ ಗರಿಯಲ್ಲಿ ನೈವೇದ್ಯ:
ಕಗ್ಗದ ಅಕ್ಕಿ, ಜೋನಿ ಬೆಲ್ಲ, ಹುರಿದ ಗೇರುಬೀಜ.
ಗೇರುಬೀಜ!
ಪರಂಗಿಯವರ ಹಡಗಿನಲ್ಲಿ ಬಂದ ಮರ
ಕೃತಯುಗದಲ್ಲೇ ಕಾಯಿ ಬಿಟ್ಟುಬಿಟ್ಟಿದೆ.
ದಪ್ಪ ಹಾಲು ಕೊನೆಗೆ ಹೊಯ್ಯಿರಿ, ಕುದಿಸಬೇಡಿ, ಒಡೆದೀತು.
ಬೀಜ ಸುಡುವಾಗ ಸೊನೆ ಸಿಡಿದೀತು, ಮೋರೆ ಆಚೆ ತಿರುಗಿಸಿ.
ತಪಸ್ಸಿಗೆ ಕೂತವನಿಗೆ ಇದು ಗೊತ್ತಿರುವುದಿಲ್ಲ.
ಒಲೆಯ ಮುಂದೆ ಕೂತವಳಿಗೆ ಗೊತ್ತಿರುತ್ತದೆ.
ಕೆನ್ನೆಯ ಮೇಲೆ ಕರೀ ಕಲೆಯಿದ್ದ ಯಾರೋ ಒಬ್ಬಳು
ಕಂಠ ಹಿಡಿಯುವುದು ಯಾರಿಂದ ಕಲಿತಳೋ,
ಕಲಿತದ್ದನ್ನು ಎಲ್ಲಿ ಬಚ್ಚಿಟ್ಟಳೋ,
ಒಬ್ಬ ಋಷಿಯ ಗಡ್ಡದೊಳಗೆ ಇಟ್ಟಳೋ.

ಮೂವತ್ತೊಂದರಲ್ಲಿ ಕೈ ಬದಲಾಗುತ್ತದೆ.
ದುಂಡಗಿದ್ದ ಅಕ್ಷರ ಅವಸರಕ್ಕೆ ಓರೆಯಾಗಿ
ಮೂಡಲಿಗೆ ಗಜನಿ, ಪಡುವಲಿಗೆ ಅಘನಾಶಿನಿ,
ನಡುವಿನದೆಲ್ಲ ದೇವಿಯದು, ತಪ್ಪಿದರೆ ವಂಶ ನಾಶ.
ಇವನ ಗುರುತು ನನಗೆ ಹತ್ತಿತು.
ನನ್ನದೇ ಕಸುಬಿನವನು.
ಅವನಿಗೂ ಎದುರಿಗೊಬ್ಬ ಕೂತಿದ್ದಿರಬೇಕು,
'ಸ್ವಲ್ಪ ಗಟ್ಟಿಯಾಗಿ ಬರೆ ಮಾರಾಯ' ಎನ್ನುತ್ತ.

ಮೂವತ್ತೆಂಟರಲ್ಲಿ ಹುಳ ತಿಂದ ತೂತು.
ಹೆಸರುಕಾಳಿನಷ್ಟು ಬೆಳಕು.

ತೆರೆಯ ತುದಿಯಲಿ ನಿಂತ – – – –
ಕರದ ದೇವಿಗೆ ನಮಿಸಿ ನಡೆದನು

ನಾಲ್ಕು ಮಾತ್ರೆ ಬೇಕು.
ಸಭಾಹಿತರ ಫೋನು ಹತ್ತಲಿಲ್ಲ. ರಾತ್ರಿ ಒಂಬತ್ತೂವರೆ.
ಬೆರಳಲ್ಲಿ ಎಣಿಸಿದೆ: ಕಮಲ, ಮೂರೇ. ಕಂಕಣ, ಆದೀತು.
ಆದೀತು ಎಂದುಕೊಂಡೇ ಅಳಿಸಿದೆ.
ಅವ್ವಿ ಮೂವತ್ತು ವರ್ಷ ಆ ಆಗರದಲ್ಲಿ ಉಪ್ಪು ಎಳೆದವಳು.
ಚೈತ್ರದಲ್ಲಿ ಅಂಗೈ ಬಿರಿದರೆ ಬಿರುಕಿನೊಳಗೂ ಬಿಳಿ.
ದೇವಿಯನ್ನು ನೋಡಿದ್ದು ಕಟ್ಟಿನ ಆಚೆಯಿಂದ,
ಬುಟ್ಟಿ ತಲೆಯ ಮೇಲಿದ್ದರಿಂದ ಕೈ ಮುಗಿದದ್ದೂ ಕಡಿಮೆ.
ನಾನು ಒತ್ತಿದೆ:
ಉಪ್ಪಿನ.
ಮಾತ್ರೆ ನಾಲ್ಕು, ಸರಿ. ಸಂಧಿ ಮಾತ್ರ ಬಾಯಿ ಬಿಟ್ಟುಕೊಂಡಿತು.
ಕೆಂಪು ಬಣ್ಣ ಹಾಕಿ, ನಾಳೆ ಕೇಳಬೇಕು ಎಂದುಕೊಂಡು
ದೀಪ ಆರಿಸಿ ಶಟರ್ ಎಳೆದೆ.
ನಾಳೆ ಎರಡು ಲಗ್ನಪತ್ರಿಕೆ ಇದ್ದವು.
ಕೆಂಪು ಯಾವಾಗ ಕಪ್ಪಾಯಿತೋ
ನಿಜವಾಗಿ ಹೇಳುತ್ತೇನೆ, ನನಗೆ ನೆನಪಿಲ್ಲ.
ನೆನಪಿಲ್ಲ ಎಂದು ಹೇಳುತ್ತೇನೆ.

ಮುಖಪುಟದಲ್ಲಿ ದಪ್ಪಕ್ಷರದ ಋಷಿ.
ಸಂಗ್ರಹ, ಸಭಾಹಿತರು. ಅಕ್ಷರಜೋಡಣೆ, ಸಾಗರ್ ಝೆರಾಕ್ಸ್.
ಬಾಕಿ ಆರುನೂರು ಇನ್ನೂ ಬರಬೇಕು.

ನವರಾತ್ರಿಗೆ ಮೈಕಿನಲ್ಲಿ ಓದಿದರು.
ಗೇರುಬೀಜ ದಾಟಿತು, ಗಡಿ ದಾಟಿತು,
ನಾನು ಕಟ್ಟಿನ ಆಚೆ ಅವ್ವಿಯ ಪಕ್ಕ ನಿಂತಿದ್ದೆ.
'ನಿಂತ' ಎಂದಲ್ಲಿ ಸಭಾಹಿತರು ಉಸಿರು ತೆಗೆದುಕೊಂಡರು,
ಒಡೆದ ಸಂಧಿ ಅಲ್ಲಿಗೇ ಹೊಂದಿಕೊಂಡಿತು.
ಆಮೇಲೆ ದನಿ ಎತ್ತಿ, ಎರಡು ಸಲ:
ಉಪ್ಪಿನ ಕರದ ದೇವಿಗೆ.

ಅವ್ವಿ ಸೊಂಟದ ಮೇಲಿನ ಕೈ ತೆಗೆದಳು.
'ಯಾರು ಬರದದ್ದೇ ಇದು?'
'ಋಷಿ' ಅಂದೆ.
ಸ್ವಲ್ಪ ಹೊತ್ತು ಅಂಗೈ ನೋಡಿಕೊಂಡಳು.
'ಸೈ ಬಿಡು. ಅವನೂ ಆಗರದಾಗೆ ದುಡಿದವನೇಯ.'