ಮುಂತುದಿಗೆ ಕಲ್ಲಿದ್ದಲು

ತುರ್ಕು. ಫೆಬ್ರವರಿ. ರಾತ್ರಿ ಮೂರು.
ಹೊರಗೆ ಔರಾ ನದಿ ಹಲ್ಲು ಕಚ್ಚಿ ಮಲಗಿದೆ.
ನೆಲಮಾಳಿಗೆಯ ಕತ್ತಲಲ್ಲಿ ಮಸೂರಕ್ಕೆ ಕಣ್ಣಿಟ್ಟು
ನಾನಿದ್ದೇನೆ, ಒಂದು ಹುಳದ ಹೊಟ್ಟೆಯೊಳಗೆ.

ಅಕ್ಕಿನುಚ್ಚಿಗಿಂತ ಸಣ್ಣದು, ಗಾಜಿನ ಮೈ,
ಬಚ್ಚಿಡಲು ಬರುವುದಿಲ್ಲ ಅದಕ್ಕೆ ಏನನ್ನೂ.
ಅದರೊಳಗಿನ ಒಂದೇ ಒಂದು ಕೋಶ
ಇವತ್ತು ಗೋಡೆ ಒಡೆಯಬೇಕು:
ಗರ್ಭಕ್ಕೂ ಹೊರಬಾಗಿಲಿಗೂ ನಡುವೆ ಬಿಗಿದ ಪೊರೆ.
ಒಡೆಯದಿದ್ದರೆ ಮೊಟ್ಟೆಗೆ ದಾರಿಯಿಲ್ಲ,
ಮರಿಗಳು ಒಳಗೇ ಕಣ್ಣುಬಿಟ್ಟು
ಹೆತ್ತವಳನ್ನೇ ಉಣ್ಣುತ್ತವೆ.
ನನಗಿದು ಪಾಠದ ಮಾತು. ಹುಳಕ್ಕೆ ಗಡುವು.

ಉರ್ಮಾಸ್ ಇದರ ಕತ್ತರಿ ಕದ್ದಿದ್ದಾನೆ.
ಪೊರೆ ಕತ್ತರಿಸುವ ಕಿಣ್ವಗಳು ಐದು;
ಐದನ್ನೂ ವಂಶವಾಹಿಯಿಂದ ಅಳಿಸಿ
ತಾಲ್ಲಿನ್ನಿನ ಹಡಗು ಹತ್ತಿ ರಜೆಗೆ ಹೋದ.
‘ನೋಡು, ಬರಿಗೈಯಲ್ಲಿ ಏನು ಮಾಡುತ್ತದೋ’ ಎಂದು
ಕಾಫಿ ಲೋಟವನ್ನೂ ತೊಳೆಯದೆ.

ಏನೂ ಮಾಡುವುದಿಲ್ಲ. ಒಂದು ತಾಸು.
ಪೊರೆ ಕೆಂಪಗೆ, ನೆಟ್ಟಗೆ, ಎಳೆದ ದಾರದ ಹಾಗೆ.

ಅಪ್ಪ ನೆನಪಾಗುತ್ತಾನೆ ಇಂಥ ಹೊತ್ತಿಗೆ.
ತಾವೆತ್ತಿ, ಉಗಿಹಡಗಿನ ಬೆಂಕಿಯಾಳು,
ಮಂಜುಗಡ್ಡೆ ಒಡೆಯುವ ಹಡಗು ಅದು.
‘ಹಡಗು ಮಂಜನ್ನು ಕೊಯ್ಯುವುದಿಲ್ಲ ಮಗಳೇ,
ಮೇಲೆ ಹತ್ತಿ ಕೂರುತ್ತದೆ. ಭಾರಕ್ಕೆ ಬಿರಿಯುತ್ತದೆ.
ಸಿಕ್ಕಿಕೊಂಡಾಗ ಕಪ್ತಾನನ ಕೂಗು ಯಾರಿಗೆ ಬೇಕು?
ಬಂದರಿನಲ್ಲಿ ಬೆಟ್ಟದಷ್ಟು ಕಲ್ಲಿದ್ದಲು ಇದ್ದರೇನು?
ಸಲಿಕೆಯಲ್ಲಿರಬೇಕು. ಈಗ. ಒಲೆಬಾಯಿಗೆ ಒಂದು ಮಾರು.
ಮನೆಗೆ ಬೆಂಕಿ ಬಿದ್ದ ಮೇಲೆ
ಬಾವಿ ತೋಡುವ ಬುದ್ಧಿ ಕಡಲಿನಲ್ಲಿ ನಡೆಯದು.’

ಆಮೇಲೆ ಹಸಿರು ಕದಲಿತು.

ಮೈಟೋಕಾಂಡ್ರಿಯಾಗಳಿಗೆ ನಾವೇ ಉಡಿಸಿದ ಹಸಿರು;
ಕೋಶದ ತುಂಬ ಚೆಲ್ಲಿಕೊಂಡಿದ್ದವು,
ಒಂದೊಂದಾಗಿ ಮುಂತುದಿಗೆ ಬಂದವು,
ಆಮೇಲೆ ಹಿಂಡುಹಿಂಡಾಗಿ, ನೂಕಿಕೊಂಡು,
ಪಾಳಿ ಬದಲಾದಾಗ ಬಾಯ್ಲರಿನ ಮುಂದೆ
ಅಂಗಿ ಕಳಚಿ ನಿಲ್ಲುವ ಗಂಡಸರ ಹಾಗೆ.
ಹಿಂದೆ, ಕೋಶದ ಬೆನ್ನಿನ ಕಡೆ, ಕತ್ತಲಾಯಿತು.
ಬೆಳಕೆಲ್ಲ ಪೊರೆಗೆ ಮುಖವೊತ್ತಿದ ಕಡೆ.
ಅಲ್ಲೇ ಸಕ್ಕರೆ ಒಳಗೆ ಬರುವ ಬಾಗಿಲು,
ಅಲ್ಲೇ ಎ.ಟಿ.ಪಿ., ಅಲ್ಲೇ ಅದರ ಖರ್ಚು;
ಆಕ್ಟಿನ್ ಎಳೆಗಳು ಒಂದರ ಬೆನ್ನಿಗೆ ಒಂದು
ಹೆಗಲು ಕೊಟ್ಟು ಒತ್ತಿದವು.

ಕೆನೆಗೆ ಬೆರಳೊತ್ತಿದ ಹಾಗೆ
ಕೆಂಪು ಗೆರೆ ಬಾಗಿತು. ಬಾಗಿತು.
ಇನ್ನೂ ಬಾಗಿತು.
ನಾನು ಉಸಿರು ಬಿಟ್ಟಿರಲಿಲ್ಲ.

ಪುಸ್ತಕದಲ್ಲಿ ಬರೆದೆ: ನಾಲ್ಕು ಇಪ್ಪತ್ತು. ಪೊರೆ ಹರಿಯಿತು.
ತಡವಾಗಿ. ಕತ್ತರಿಯಿಲ್ಲದೆ.

ಕುಣಿಯಬೇಕಿತ್ತು. ಕುಣಿಯಲಿಲ್ಲ.
ಅಕ್ಕ ಹೆಲ್ವಿಯ ವರದಿಯಲ್ಲೂ ಒಂದು ಮಾತಿತ್ತು,
ಹೋದ ಶರತ್ಕಾಲದ್ದು, ಮಡಿಸಿಟ್ಟ ಹಾಳೆ:
ಪೊರೆ ದಾಟಿದೆ.
ಅಲ್ಲಿಯೂ ಯಾರೋ ಬೆನ್ನು ಕತ್ತಲು ಮಾಡಿಕೊಂಡು
ಇದ್ದ ಕಲ್ಲಿದ್ದಲನ್ನೆಲ್ಲ ಮುಂದಕ್ಕೆ ಸಾಗಿಸಿದ್ದರು.
ಕತ್ತರಿ ಕಸಿಯುವ ಮದ್ದುಗಳು ಸೋತಿದ್ದು
ಇದಕ್ಕೇ ಏನೋ. ಗೊತ್ತಿಲ್ಲ.
ಒಂದು ರಾತ್ರಿ, ಒಂದು ಹುಳ;
ಇಷ್ಟರಿಂದ ಏನನ್ನೂ ಹೇಳಬಾರದು.

ಮುದುಕನಾದ ಮೇಲೆ ಅಪ್ಪ
ಕೂತ ಕೋಣೆಯನ್ನಷ್ಟೇ ಕಾಯಿಸುತ್ತಿದ್ದ.
‘ಇಡೀ ಮನೆ ಕಾಯಿಸುವುದು ದೊರೆಗಳ ಕೆಲಸ,
ಕೈ ಇರುವ ಕಡೆ ಬೆಂಕಿ ಇರಲಿ ಸಾಕು.’

ಫೋನ್ ಹಚ್ಚಿದೆ. ಮದ್ದು ಹಾಕಿಸಿಕೊಂಡ ರಾತ್ರಿ
ಅವಳಿಗೂ ನಿದ್ದೆಯಿಲ್ಲ.

‘ನಿನ್ನ ಹುಳ ಏನಾಯಿತು?’
‘ಒಡೆಯಿತು.’
‘ಒಳ್ಳೆಯದೋ, ಕೆಟ್ಟದ್ದೋ?’
‘ಹುಳಕ್ಕೆ ಒಳ್ಳೆಯದು.’

ಸ್ವಲ್ಪ ಹೊತ್ತು ತಂತಿಯಲ್ಲಿ ಅವಳ ಉಸಿರಷ್ಟೇ.
ಆಮೇಲೆ ನಕ್ಕಳು, ಕೆಮ್ಮಿದಳು:
‘ಹಾಗಾದರೆ ಅದಕ್ಕೆ ನನ್ನ ಶುಭಾಶಯ ಹೇಳು.
ಬರುವಾಗ ಸಕ್ಕರೆ ತಾ. ಮುಗಿದಿದೆ.’