ಮೊಳ

ಮೊದಲು ಮೊಳಕೈಯಾಗ ಕಾಣಿಸ್ತು.
ರೂಪಾಯಿ ಅಗಲ, ಕೆಂಪಗ,
ಮ್ಯಾಲೆ ಜ್ವಾಳದ ಹೊಟ್ಟಿನಂಥ ಬಿಳಿ ಪದರ.
ಹೂವಿನ ಬುಟ್ಟಿ ತಿಕ್ಕಿರಬೇಕು ಅಂದಳು ಅವ್ವ.
ಹೂಗಾರ ಮನಿ ನಮ್ದು.
ಮೊಳಕೈಯಿಂದ ನಡುಬೆರಳಿನ ತುದಿತನಕ
ದಾರ ಹಿಡಿದು ಅಳೆದವರು, ಮೂರು ತಲಿಮಾರು.
ಅಳತಿ ಅಲ್ಲಿಂದನ ಸುರು,
ಬ್ಯಾನಿನೂ ಅಲ್ಲಿಂದನ.

ಗಿರಾಕಿ ಒಬ್ಬಾಕಿ ನನ್ನ ತೋಳಿಗಂಟಿದ ಮಾಲಿ ನೋಡಿ
"ನಿಮ್ಮವ್ವನ ಕಡಿಂದ ಅಳಸು" ಅಂದಳು.
ಆವತ್ತಿನಿಂದ ನಾ ಕಟ್ಟತಿದ್ದೆ, ಅಳೀತಿರಲಿಲ್ಲ.

ಆಮ್ಯಾಲೆ ಕಂಡಕ್ಟರ್ ನೌಕರಿ. ವಿಜಾಪುರ, ನಾಗಠಾಣ, ಅಥರ್ಗಾ, ಇಂಡಿ,
ಮತ್ತ ಹೊಳ್ಳಿ ಇಂಡಿ, ಅಥರ್ಗಾ, ನಾಗಠಾಣ.
ಅಷ್ಟೊತ್ತಿಗೆ ಅದು ಅಂಗೈಗೂ ಇಳಿದಿತ್ತು.
ಖಾಕಿ ತೋಳು ಮಣಿಕಟ್ಟಿನತನಕ ಎಳದರೂ
ಚಿಲ್ಲರೆ ಕೊಡೂ ಕೈ ಮುಚ್ಚೂದು ಹ್ಯಾಂಗ?
ನಿಂಬಿಕಾಯಿ ಚೀಲದ ಮ್ಯಾಲೆ ಕುಂತ ಮುದುಕ
ಐದು ರೂಪಾಯಿ ವಾಪಸ್ ಬ್ಯಾಡ ಅಂದ.
ದಾನ ಅಲ್ಲ ಅದು.
ದಾನಮ್ಮ ನನ್ನ ಹೆಸರು, ನನಗ ಗೊತ್ತಾಗತೈತಿ.

ಡಾಕ್ಟರಬಾಯಿ ಗುಳಿಗಿ ಬರದಕೊಟ್ಟಳು,
ವಾರಕ್ಕೊಮ್ಮೆ, ಐತಾರ ರಾತ್ರಿ.
ಔಷಧಿ ಅಂಗಡ್ಯಾಂವ ಡಬ್ಬಿ ಮ್ಯಾಲೆ ಪೆನ್ನಿಲೆ ಗೀಟು ಹೊಡದು
"ದಿನಾ ನುಂಗಬ್ಯಾಡ್ರಿ ಮತ್ತ" ಅಂದ, ಎರಡು ಸಲ.
ತಿಂಗಳಿಗೊಮ್ಮೆ ರಕ್ತ ತಪಾಸಣಿ.
"ಕೂದಲು ಸ್ವಲ್ಪ ಉದುರಬಹುದು" ಅಂದಿದ್ದಳು ಡಾಕ್ಟರಬಾಯಿ.

ಬಹುದು.
ನಮ್ಮ ಓಣ್ಯಾಗ ಆ ಮಾತು ಚಲಾವಣಿ ಇಲ್ಲ.
ಬಸ್ಸು ಬರ್ತೈತಿ, ಇಲ್ಲಾ ಬರೂದಿಲ್ಲ.
ಡಬ್ಬಿಯೊಳಗಿನ ಕಾಗದ ಬಿಚ್ಚಿದೆ,
ಬಿಚ್ಚಿದಷ್ಟೂ ಬಂತು, ಇರುವಿಯಂಥಾ ಅಕ್ಷರ.
ಹೊಳ್ಳಿ ಮಡಚಾಕ ಬರಲಿಲ್ಲ.

ಮೂರನೇ ತಿಂಗಳಿಗೆ ಅಂಗೈ ಚೊಕ್ಕಾತು.
ನಾಕನೇ ತಿಂಗಳಿಗೆ ಬಾಚಣಿಗಿ ತುಂಬತು.
ದಿಂಬಿನ ಮ್ಯಾಲೆ, ಬಚ್ಚಲ ಜಾಳಿಗಿ ಮ್ಯಾಲೆ,
ರೊಟ್ಟ್ಯಾಗ ಒಂದು.
ಅಣ್ಣ ಎಳದು, ಗ್ವಾಡಿಗೆ ಒರಸಿ, ಮಾತಾಡದ ಉಂಡ.
"ಗುಳಿಗಿದಾ ಇದು?" ಕೇಳಿದೆ.
"ಇರಬಹುದು. ನಿಮಗೆ ರಕ್ತ ಕಡಿಮೆ ಇದೆ, ಅದೂ ಇರಬಹುದು.
ಚಿಂತೆಯಿಂದಲೂ ಇರಬಹುದು. ಔಷಧಿ ಬದಲಿಸಿ ನೋಡೋಣವಾ?"
ನಾ ಅಂಗೈ ನೋಡ್ಕೊಂಡೆ.
ನಡೀಲಿ ಬಿಡ್ರಿ ಅಂದೆನೋ,
ನೋಡೂಣ್ರಿ ಅಂದೆನೋ.

ಅವ್ವ ಏನೂ ಕೇಳಲಿಲ್ಲ.
ಡ್ಯೂಟಿಗೆ ಹೊಂಟಾಗ ಆಕಿ ಮುಡಸೂ ಮಾಲಿ
ಮೊಳ ಇದ್ದದ್ದು ಗೇಣಾತು,
ಗೇಣು ಹೋಗಿ ನಾಕು ಬೆರಳಾತು.
ಜಡಿ ಎಷ್ಟು ತಾಳತೈತಿ ಅನ್ನೂ ಲೆಕ್ಕ
ಆಕಿ ಬೆರಳಿಗೇ ಗೊತ್ತು.

ಇವತ್ತ ಟಿಕೀಟು ಮಷೀನಿನ ಬಾಯಾಗ
ನಂದ ಒಂದು ಉದ್ದ ಕೂದಲು ಸಿಕ್ಕೊಂಡು
ಅಥರ್ಗಾದ ಟಿಕೀಟಿನ ಜೋಡಿ ಹೊರಗ ಬಂತು.
ತಗೊಂಡಾಂವ ಕೂದಲು ಬಿಡಿಸಿ ಕಿಡಕಿ ಹೊರಗ ಬಿಟ್ಟ,
ಚಿಲ್ಲರಿಗೆ ಕೈ ಚಾಚಿದ.
ಎಣಿಸಿ ಇಟ್ಟೆ. ನನ್ನ ಬೆರಳು ಅವನ ಅಂಗೈಗೆ ತಗಲಿತು.
ಅವ ಹೊರಗ ತೊಗರಿ ಹೊಲ ನೋಡ್ತಿದ್ದ,
ಅವಗ ಏನೂ ಆಗಿರಲಿಲ್ಲ.
ನಾ ಮುಂದಿನ ಸ್ಟಾಪಿಗೆ ಸೀಟಿ ಊದೂದು ಮರತೆ,
ಡ್ರೈವರ್ ಗಂಗಯ್ಯನ ಕಡಿಂದ ಬೈಸ್ಕೊಂಡೆ.

ಸಂಜಿಗೆ ಅವ್ವಗ ಜ್ವರ. ಬುಟ್ಟಿ ಮುಂದ ನಾ ಕುಂತೆ,
ತಲಿಮ್ಯಾಲೆ ಸೆರಗು ಬಿಗದು.
ಒಬ್ಬಾಕಿ ಬಂದಳು, ಬೆನ್ನ ತುಂಬ ಜಡಿ,
"ಎರಡು ಮೊಳ ಕೊಡು."
ತೋಳು ಮಡಚಿದೆ.
ದಾರದ ತುದಿ ಮೊಳಕೈಗೆ ಹಿಡದೆ.
ಅಲ್ಲಿ ಈಗ ಬರೇ ಒಂದು ಮಾಸಿದ ಗುರುತು, ರೂಪಾಯಿ ಅಗಲ.
ನಡುಬೆರಳಿನತನಕ ಒಂದು.
ಮತ್ತೊಂದು.
ಹರಿಯೂ ಮುಂದ ನಾಕು ಮೊಗ್ಗು ಹೆಚ್ಚಿಗಿ ಬಿಟ್ಟೆ.

ರೊಕ್ಕ ಕೈಯಾಗಿಟ್ಟು ಹೋದಳು.
ಆ ಜಡಿ ಮ್ಯಾಲೆ ಮಾಲಿ ಅತ್ತಿತ್ತ ಆಡೂದು
ಓಣಿ ತಿರುವಿನತನಕ ಕಾಣಸ್ತು.
ನಾಳೆ ಐತಾರ.