ಬಿಕ್ಕಳಿಕೆ

ವರ್ಷಕ್ಕೆ ಎರಡೇ ಸಂಚಿಕೆ ನಮ್ಮದು,
ಮುಂಗಾರಿಗೊಂದು, ಮಾಗಿಗೊಂದು.
ಮಾನಸಗಂಗೋತ್ರಿಯಲ್ಲಿ, ಗಣಿತ ವಿಭಾಗದ ಮೆಟ್ಟಿಲ ಕೆಳಗೆ
ನಾಲ್ಕು ಸೈಕಲ್ಲು ನಿಲ್ಲಿಸುವಷ್ಟು ಜಾಗ,
ಅದಕ್ಕೊಂದು ಬೋರ್ಡು: ಸಂಪಾದಕೀಯ ಕಚೇರಿ.
ಒಳಗೆ ನಾನು, ಒಂದು ತಕ್ಕಡಿ, ಕಂದು ಕಾಗದದ ಸುರುಳಿ,
ನಲವತ್ತೊಂದು ವರ್ಷದ ಹಳೆ ಸಂಚಿಕೆ.

ಈ ಸಲ ಮೇಲಿನಿಂದ ಒಂದು ನಮೂನೆ ಬಂತು.
ಮೊದಲ ಪ್ರಶ್ನೆ: ನಿಮ್ಮ ಪತ್ರಿಕೆಯ ಸಂಶೋಧನೆಯ ಗಮನ ಯಾವುದರತ್ತ?
ಅಮೃತವಲ್ಲಿ ಮೇಡಂ ಕನ್ನಡಕ ತೆಗೆದು
"ಪಾಲು ಅಂತ ಬರಿ" ಅಂದರು.
ನಿಜ. ಐದನ್ನು ಏಳು ಬಗೆಯಲ್ಲಿ ಪಾಲು ಮಾಡಬಹುದು,
ಇಡಿಯಾಗಿ ಐದೇ, ನಾಲ್ಕೂ ಒಂದೂ, ಮೂರೂ ಎರಡೂ...
ನೂರಕ್ಕೆ ಬರುವ ಹೊತ್ತಿಗೆ ಹತ್ತೊಂಬತ್ತು ಕೋಟಿ ದಾಟುತ್ತದೆ.
ಅಷ್ಟು ಪಾಲಾದರೂ
ಯಾರೂ ಅಮೀನನನ್ನು ಕರೆಸುವುದಿಲ್ಲ,
ಬದುವಿನ ಕಲ್ಲು ರಾತ್ರೋರಾತ್ರಿ ಸರಿಯುವುದಿಲ್ಲ.

ಎರಡನೆಯದು: ಉಲ್ಲೇಖ ಪ್ರಭಾವ.
ಹೋದ ಎರಡು ವರ್ಷ ನಾವು ಅಚ್ಚು ಹಾಕಿದ್ದನ್ನು
ಈ ವರ್ಷ ಎಷ್ಟು ಸಲ ನೆನೆದರು, ಭಾಗಿಸು, ಅಷ್ಟೇ.
ನನ್ನ ಅಜ್ಜಿಗೂ ಗೊತ್ತಿದ್ದ ಲೆಕ್ಕ ಇದು:
ಬಿಕ್ಕಳಿಕೆ ಬಂತೋ, ಯಾರೋ ನೆನೆಸಿಕೊಂಡರು.
ಲೇಖನ ಮೂವತ್ತೆಂಟು, ಬಿಕ್ಕಳಿಕೆ ಐದು.
ಸೊನ್ನೆ ಬಿಂದು ಒಂದು ಮೂರು.
ಐದರಲ್ಲಿ ಎರಡು, ಬರೆದವರು ತಮ್ಮನ್ನು ತಾವೇ ನೆನೆದದ್ದು.

ಅದೇ ವಾರ ಸೆಗೆಡ್ ಎಂಬ ಊರಿಂದ, ಹಂಗೇರಿಯಂತೆ,
ಒಂದು ಲೇಖನದ ಪ್ರತಿ ಬಂತು.
ಕೊನೆಯ ಪುಟದಲ್ಲಿ ಹದಿನೇಳನೆಯ ಹೆಸರು
ಟಿ. ಎಸ್. ಲಕ್ಕೇಗೌಡ. ನಮ್ಮ ಮೂರನೇ ಸಂಪುಟ, ಎಂಬತ್ತೇಳನೇ ಇಸವಿ.

ಪಾಂಡವಪುರದಲ್ಲಿ ಪಿಯುಸಿ ಹುಡುಗರಿಗೆ ಪಾಠ ಹೇಳುತ್ತಿದ್ದರು.
ಷಟ್ಲ್ ರೈಲಿನಲ್ಲಿ ಬಂದಿದ್ದರು, ಬರೆದದ್ದನ್ನೆಲ್ಲ
ಬಾಳೆಲೆಯ ಹಾಗೆ ಸುತ್ತಿಕೊಂಡು.
ಮೊಳೆ ಜೋಡಿಸಿದವನು ಗೌಸ್. ಜರ್ಮನಿಯವನಲ್ಲ,
ಮಂಡಿ ಮೊಹಲ್ಲಾದ ಗೌಸ್ ಪೀರ್.
ಅರವತ್ತೊಂದನೇ ಪುಟದಲ್ಲಿ
'ಚಿಕ್ಕದು' ಎನ್ನುವ ಗುರುತು ತಲೆಕೆಳಗಾಗಿ ಕೂತು
'ದೊಡ್ಡದು' ಆಗಿಬಿಟ್ಟಿತು.
ಒಂದು ಮೊಳೆ ಮಗ್ಗುಲು ಬದಲಿಸಿತು, ಪ್ರಮೇಯ ಸುಳ್ಳಾಯಿತು.
ನಾನಾಗ ದಿನಗೂಲಿ. ಗೋಂದು ಕಲಸಿ
ಮುನ್ನೂರು ಪ್ರತಿಗೆ ಮುನ್ನೂರು ತಿದ್ದುಪಡಿ ಚೀಟಿ ಅಂಟಿಸಿದೆ.
ಲಕ್ಕೇಗೌಡರು ಪಕ್ಕದಲ್ಲೇ ಕೂತು
ಒಂದೊಂದನ್ನೂ ಊದಿ ಒಣಗಿಸಿದರು, ಮಾತಿಲ್ಲ.

ನಂಬರು ಹುಡುಕಿ ಫೋನು ಮಾಡಿದೆ.
ಮಗಳು ಪ್ರಮೀಳಾ, ಕಬ್ಬಿನ ಲಾರಿ ತೂಗುವ ಕಡೆ ಕೆಲಸ.
"ಅಪ್ಪ ಹೋಗಿ ಹನ್ನೊಂದು ವರ್ಸ ಆಯ್ತು ಸಾ.
ಇದ್ರಿಂದ ನಿಮ್ಮ ಲೆಕ್ಕ ಏನಾರ ಏರ್ತದಾ?"
ಇಲ್ಲಮ್ಮ, ಎರಡು ವರ್ಷದ ಒಳಗಿನದಾದರೆ ಮಾತ್ರ.
"ಎರಡು ವರ್ಸಕ್ಕೆ ತೆಂಗಿನ ಸಸಿನೂ
ಹೊಂಬಾಳೆ ಒಡೆಯಕಿಲ್ಲವಲ್ಲ ಸಾ!"
ನಕ್ಕಳು. ನಗುತ್ತಲೇ ಯಾರಿಗೋ ಕೂಗಿದಳು:
"ಹದಿನಾರು ಟನ್ನು ನಾನೂರು. ಮುಂದಕ್ಕೆ ಬಿಡು."

ಸಂಜೆ ಮೇಡಂ ಆ ಪ್ರತಿ ಹಿಡಿದು ಮತ್ತೆ ಇಳಿದು ಬಂದರು,
ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು ಓದಿದರು:
ಅಸಮತೆಯ ದಿಕ್ಕಿಗಾಗಿ ಅರವತ್ತೊಂದನೇ ಪುಟಕ್ಕೆ
ಕೈಯಿಂದ ಅಂಟಿಸಿದ ಚೀಟಿಯನ್ನೂ ನೋಡುವುದು.
ನಮ್ಮ ಗ್ರಂಥಾಲಯದ ಪ್ರತಿಯಲ್ಲಿ ಅದಿನ್ನೂ ಗಟ್ಟಿಯಾಗಿದೆ.

ಮೈದಾ, ಚಿಟಿಕೆ ಮೈಲುತುತ್ತ.
ಹುಳ ಬರಬಾರದೆಂದು ಗೌಸ್ ಹೇಳಿಕೊಟ್ಟದ್ದು.

ನಮೂನೆಯಲ್ಲಿ ಸೊನ್ನೆ ಬಿಂದು ಒಂದು ಮೂರು ಎಂದೇ ಬರೆದು
ಮೊಹರು ಒತ್ತಿ ಕಳಿಸಿದೆವು.
ರಾತ್ರಿ ಕುಂಬಾರಕೊಪ್ಪಲಿನ ಮನೆಯಲ್ಲಿ
ಮುದ್ದೆ ಮುರಿಯುವಾಗ ನನಗೊಂದು ಬಿಕ್ಕಳಿಕೆ ಬಂತು.
ಹೆಂಡತಿ ನೀರಿನ ಲೋಟ ಮುಂದೆ ಹಿಡಿದಳು.
ತಾಳು ಅಂದೆ,
ಇನ್ನೊಂದು ಬರಲಿ.